ನಂಬಿಕೆ ಮಬ್ಬಾದಾಗ ಏನು ಮಾಡಬೇಕು? ಬೀದರ್ ಕಡೆಯ ಕ್ರೈಸ್ತರಿಗೆ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಚರ್ಚಿಗೆ ಹೋಗುತ್ತೀರಿ. ಹಾಡು ತಾನಾಗಿ ಬಾಯಿಗೆ ಬರುತ್ತದೆ. ಪಾಸ್ಟರ್ ಪ್ರಸಂಗ ಮಾಡುತ್ತಾರೆ, ನೀವು ತಲೆ ಆಡಿಸುತ್ತೀರಿ. ಮನೆಗೆ ಬಂದು ಊಟಕ್ಕೆ ಕುಳಿತರೆ ಪ್ರಸಂಗ ಯಾವ ವಚನದ ಮೇಲಿತ್ತು ಅಂತಲೇ ನೆನಪಿಲ್ಲ. ರಾತ್ರಿ ಮೊಣಕಾಲೂರಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ದೇವರು ಇದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಯಲ್ಲ ಇದು. ಇದ್ದಾನೆ, ಆದರೆ ನನಗೇ ಏನೂ ಕಾಣುತ್ತಿಲ್ಲ, ಮುಂದೇನು ಮಾಡಬೇಕೋ ತಿಳಿಯುತ್ತಿಲ್ಲ ಅನ್ನುವ ಸ್ಥಿತಿ.

ನಮ್ಮ ಕಡೆ ಇದಕ್ಕೆ ಸಿಗುವ ಉತ್ತರ ಹೆಚ್ಚಾಗಿ ಒಂದೇ. "ಪ್ರಾರ್ಥನಾ ಜಾಸ್ತಿ ಮಾಡ್ರಿ, ಉಪವಾಸ ಹಿಡೀರಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಯಾಕೆ ಹೀಗಾಯಿತು ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕೆಲಸ ಶುರುವಾಗಬೇಕಾದದ್ದೇ ಅಲ್ಲಿಂದ. ಹೋದ ಭಾವನೆಯನ್ನು ಹಿಡಿಯಲು ಓಡಿದರೆ ಅದು ಸಿಗುವುದಿಲ್ಲ. ಅಡ್ಡ ಬಂದಿರುವುದನ್ನು ಒಂದೊಂದಾಗಿ ತೆಗೆಯಬೇಕು.

ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಮೆಥೋಡಿಸ್ಟರು ಜಾಸ್ತಿ. ಕಥೋಲಿಕರೂ ಇದ್ದಾರೆ; ಅವರ ಗುಲ್ಬರ್ಗ ಧರ್ಮಕ್ಷೇತ್ರ 2005ರಲ್ಲಿ ಆಯಿತು. ಸ್ವತಂತ್ರ ಪ್ರಾರ್ಥನಾ ಮಂದಿರಗಳಿಗೆ ಹೋಗುವವರೂ ಇದ್ದಾರೆ. ಇಲ್ಲಿ ಹೇಳುವ ಹೆಜ್ಜೆಗಳನ್ನು ಯಾರು ಬೇಕಾದರೂ ಇಡಬಹುದು.

ಮೊದಲ ಹೆಜ್ಜೆ: ನಿದ್ದೆ, ಊಟ

ಪ್ರವಾದಿ ಎಲೀಯನ ಕಥೆ ಗೊತ್ತಲ್ವಾ? ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು. ಅದಾದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಓಡಿದ. ಬೇರ್ಷೆಬದಲ್ಲಿ ತನ್ನ ಆಳನ್ನು ಬಿಟ್ಟ. ಒಂದು ದಿನದ ದಾರಿ ಮರುಭೂಮಿಯಲ್ಲಿ ನಡೆದ. ಗಿಡದ ಕೆಳಗೆ ಕುಳಿತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅಂದ.

ಆಗ ದೇವರು ಉಪದೇಶ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಗದರಿಸಲೂ ಇಲ್ಲ. ಮಲಗಲು ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲವೂ ಅದೇ. 1 ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ದೇವರು ಎಲೀಯನನ್ನು ಪ್ರಶ್ನೆ ಕೇಳುವುದು ಇದೆಲ್ಲ ಆದ ಮೇಲೆ.

ಹಾಗಾಗಿ ಮೊದಲ ವಾರ ಹೊಸ ಭಕ್ತಿ ಕಾರ್ಯಕ್ರಮ ಯಾವುದೂ ಬೇಡ. ಬಿತ್ತನೆ ಅಥವಾ ರಾಶಿ ಸಮಯದಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಹೊಲದಲ್ಲಿ ದುಡಿದವರು, ಮೇ ತಿಂಗಳ ಸೆಕೆಯಲ್ಲಿ ಕರೆಂಟ್ ಇಲ್ಲದೆ ರಾತ್ರಿ ಕಳೆದವರು, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್‌ಗಳು ತಮ್ಮ ನಂಬಿಕೆ ಬತ್ತಿತು ಅಂತ ಹೆದರುವ ಮೊದಲು ನಿದ್ದೆ ಮಾಡಲಿ. ಮಲಗುವ ಕೋಣೆಯಿಂದ ಫೋನ್ ಹೊರಗಿಡಿ. ಸಕ್ಕರೆ ಕಾಯಿಲೆ ಇರುವವರು, ಬಸುರಿ ಹೆಂಗಸರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದು. ಇಂಥ ಹೊತ್ತಿನಲ್ಲಂತೂ ಬೇಡವೇ ಬೇಡ.

ಇನ್ನೊಂದು ಮಾತು, ಇದನ್ನು ನಾಚಿಕೆ ಬಿಟ್ಟು ಹೇಳಬೇಕು. ಎರಡು ವಾರ ಆದರೂ ಮನಸ್ಸು ಏಳುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದು ಬರೀ ಆತ್ಮಿಕ ಮಾತಲ್ಲ. ಖಿನ್ನತೆ ಇರಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ, ದುಡ್ಡು ಬೀಳುವುದಿಲ್ಲ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಅವರಿಗೆ ಎಲೀಯನ ರೊಟ್ಟಿಯನ್ನು ನೆನಪಿಸಿ.

ಎರಡನೇ ಹೆಜ್ಜೆ: ಎಲ್ಲಿ ಮುಚ್ಚಿದೆ ಅಂತ ಹುಡುಕಿ

ನೌಬಾದ್ ಕಡೆಯ ಕರೇಜ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಕೆಂಪು ಕಲ್ಲನ್ನು ಕೊರೆದು ಮಾಡಿದ ನೆಲದಡಿಯ ಕಾಲುವೆ. ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಕಾಲ ಕಳೆದಂತೆ ಹೂಳು ತುಂಬಿತು, ಕೆಲವು ಕಿಂಡಿ ಮುಚ್ಚಿಹೋದವು. ಈಚಿನ ವರ್ಷಗಳಲ್ಲಿ ಹೂಳೆತ್ತಿದಾಗ ನೀರು ಮತ್ತೆ ಕಾಣಿಸಿತು. ನೀರನ್ನು ಯಾರೂ ಹೊರಗಿನಿಂದ ತಂದು ಸುರಿಯಲಿಲ್ಲ. ನಿಮ್ಮ ಒಳಗೂ ಯಾವ ಕಿಂಡಿ ಮುಚ್ಚಿದೆ ಅಂತ ನೋಡಬೇಕು.

ರೊಟ್ಟಿ ತಿಂದ ಎಲೀಯ ಮುಂದೆ ಹೋರೇಬ್ ಬೆಟ್ಟಕ್ಕೆ ಹೋದ. ಅಲ್ಲಿ ದೇವರು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, ಎರಡು ಸಲ: ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ? ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಹೆಸರು ಹಾಕಿ ಅದೇ ಪ್ರಶ್ನೆ ಬರೆಯಿರಿ. ಕೆಳಗೆ ಉತ್ತರ ಬರೆಯಿರಿ. ಯಾವಾಗಿನಿಂದ ಹೀಗಿದೆ? ಆ ತಿಂಗಳು ಏನಾಯಿತು? ಹೆಚ್ಚಿನವರಿಗೆ ಉತ್ತರ ಇಲ್ಲೇ ಸಿಗುತ್ತದೆ. ಕೆಲಸಕ್ಕೆ ಹೈದರಾಬಾದಿಗೋ ಪುಣೆಗೋ ಹೋದ ಮೇಲೆ ಸಭೆ ತಪ್ಪಿತು. ಅಪ್ಪ ತೀರಿಕೊಂಡರು, ಅಷ್ಟು ಪ್ರಾರ್ಥನೆ ಮಾಡಿದರೂ ಉಳಿಯಲಿಲ್ಲ. ಅಣ್ಣತಮ್ಮಂದಿರ ಹೊಲದ ಜಗಳ ಕೋರ್ಟಿಗೆ ಹೋಯಿತು. ಚರ್ಚ್ ಕಮಿಟಿಯಲ್ಲಿ ಎರಡು ಗುಂಪಾಯಿತು, ಈಗ ಪ್ರಭುಭೋಜನದ ಸಾಲಿನಲ್ಲಿ ನಿಂತರೂ ಎದುರು ಗುಂಪಿನವರ ಮುಖವೇ ಕಾಣುತ್ತದೆ. ಯಾರಿಗೂ ಗೊತ್ತಿಲ್ಲದ ಒಂದು ಚಟ ಅಂಟಿಕೊಂಡಿತು. ಅಥವಾ ಕಾಲೇಜಿನಲ್ಲಿ ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಇವೆಲ್ಲಕ್ಕೂ ಮದ್ದು ಒಂದೇ ಅಲ್ಲ. ದುಃಖದಲ್ಲಿರುವವರಿಗೆ ಪಶ್ಚಾತ್ತಾಪ ಪಡಿ ಅನ್ನುವುದು ಕ್ರೂರ. ಚಟಕ್ಕೆ ಬಿದ್ದವರಿಗೆ ಸುಮ್ನೆ ವಿಶ್ರಾಂತಿ ತಗೊಳ್ಳಿ ಅಂದರೆ ಪ್ರಯೋಜನವಿಲ್ಲ. ನಿಮ್ಮದು ಯಾವುದು ಅಂತ ಬರೆದ ಮೇಲೆ ಮುಂದಿನ ಹೆಜ್ಜೆಗಳಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು ಅಂತ ನಿಮಗೇ ತಿಳಿಯುತ್ತದೆ. ಕೀರ್ತನೆ 139ರ ಕೊನೆಯ ಎರಡು ವಚನಗಳು ದೇವರೇ ನನ್ನ ಹೃದಯವನ್ನು ಶೋಧಿಸು ಅಂತ ಬೇಡುತ್ತವೆ. ಬರೆಯಲು ಕುಳಿತಾಗ ಅದನ್ನೇ ಪ್ರಾರ್ಥನೆ ಮಾಡಿಕೊಳ್ಳಿ.

ಮೂರನೇ ಹೆಜ್ಜೆ: ದೊಡ್ಡ ನಿರ್ಧಾರ ಸದ್ಯಕ್ಕೆ ಬೇಡ

ಮುಂದೆ ಯೇಸುಸಭೆ (ಜೆಸ್ವಿಟ್) ಕಟ್ಟಿದ ಲೊಯೋಲಾದ ಇಗ್ನೇಷಿಯಸ್ 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದ ಸೈನಿಕ. ಆ ಹಾಸಿಗೆಯಲ್ಲೇ ಮನಸ್ಸಿನ ಏರಿಳಿತ ಗಮನಿಸಲು ಕಲಿತ. ಮುಂದೆ ಬರೆದ ನಿಯಮಗಳಲ್ಲಿ ಒಂದು ಬಹಳ ಉಪಯೋಗದ್ದು: ಮನಸ್ಸು ಒಣಗಿದಾಗ, ಕತ್ತಲಾದಾಗ, ಮೊದಲು ಮಾಡಿದ್ದ ನಿರ್ಧಾರವನ್ನು ಬದಲಿಸಬೇಡಿ. ಸಭೆ ಬಿಡುವುದು, ಸೇವೆ ಬಿಡುವುದು, ನಿಶ್ಚಯವಾದ ಮದುವೆ ಮುರಿಯುವುದು, ನಂಬಿಕೆಯನ್ನೇ ಬಿಟ್ಟೆ ಅಂತ ಸ್ಟೇಟಸ್ ಹಾಕುವುದು, ಇವೆಲ್ಲವನ್ನೂ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದಿಡಿ. ತಾರೀಖು ಹಾಕಿ. ಆಮೇಲೆ ನೋಡೋಣ. ಒಂದು ವಿನಾಯಿತಿ ಇದೆ: ಮನೆಯಲ್ಲೋ ಸಭೆಯಲ್ಲೋ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ, ಹಿಂಸೆ ಕೊಡುತ್ತಿದ್ದರೆ, ಕಾಯಬೇಡಿ. ಅಲ್ಲಿಂದ ಹೊರಗೆ ಬನ್ನಿ.

ನಾಲ್ಕನೇ ಹೆಜ್ಜೆ: ಗೋಳನ್ನು ಗೋಳಾಗಿಯೇ ಹೇಳಿ

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಅವಕಾಶವಿದೆ, ಗೋಳಾಡಲು ಇಲ್ಲ. ಮೈಕ್ ಹಿಡಿದವರೆಲ್ಲ ಬಿಡುಗಡೆಯಾದ ಕಥೆಯನ್ನೇ ಹೇಳುತ್ತಾರೆ. ಬಿಡುಗಡೆ ಆಗದವರು ಹಿಂದಿನ ಸಾಲಿನಲ್ಲಿ ಕುಳಿತು, ನನ್ನಲ್ಲೇ ಏನೋ ದೋಷ ಅಂದುಕೊಳ್ಳುತ್ತಾರೆ. ಸತ್ಯವೇದ ಹೀಗಿಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೋಳೇ.

13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡರಲ್ಲಿ ದೂರು: ಎಷ್ಟರವರೆಗೆ, ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ: ನನ್ನ ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ದೂರಿನ ಭಾಗವನ್ನು ಅವಸರದಲ್ಲಿ ಮುಗಿಸಬೇಡಿ. "ದೇವರೇ, ಮಗಳ ಕೆಲಸಕ್ಕೆ ಎಷ್ಟು ವರ್ಷ ಆಯ್ತು ಕೇಳ್ಲಿಕತ್ತು, ನಿನಗ ಕೇಳ್ಸೂದೇ ಇಲ್ಲೇನು?" ಅಂತ ಬಂದರೆ ಹಾಗೆಯೇ ಬರೆಯಿರಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರಲಿ. ಪ್ರಾರ್ಥನೆಗೆ ನಿಂತ ಕೂಡಲೇ ನಮ್ಮ ದನಿ ಬದಲಾಗುತ್ತದೆ, ಪುಸ್ತಕದ ಕನ್ನಡ ಶುರುವಾಗುತ್ತದೆ. ಅದರ ಹಿಂದೆ ನಿಜವಾದ ನೋವು ಅಡಗಿ ಕೂರುತ್ತದೆ. ಮನೆಯಲ್ಲಿ ಮರಾಠಿ, ತೆಲುಗು ಅಥವಾ ದಖನಿ ಆಡುವವರಿದ್ದರೆ ಅದರಲ್ಲೇ ಹೇಳಿ.

ಭರವಸೆಯ ಭಾಗ ಬರಲಿಲ್ಲವೇ? ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ.

ಜಾಗದ ಮಾತು. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಅಂತ ಮತ್ತಾಯ 6ರಲ್ಲಿದೆ. ಎರಡು ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ ಯಾವ ಬಾಗಿಲು ಮುಚ್ಚುವುದು? ಬೆಳಗಿನ ಜಾವ ಮಾಳಿಗೆ ಆಗಬಹುದು. ವಾರದ ನಡುವೆ ಖಾಲಿ ಇರುವ ಚರ್ಚ್ ಆಗಬಹುದು, ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ. ಕೋಟೆ ಕಡೆ ವಾಕಿಂಗ್ ಹೋಗುವವರು ನಡೆಯುತ್ತಲೇ ಮಾತಾಡಬಹುದು.

ಐದನೇ ಹೆಜ್ಜೆ: ಮಾರ್ಕನ ಸುವಾರ್ತೆ, ನಿಧಾನವಾಗಿ

ಒಂದು ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಚಾರ್ಟ್ ಇದ್ದರೆ ಈಗ ಮಡಿಚಿಡಿ. ಅದು ಮಬ್ಬಿನಲ್ಲಿರುವವರಿಗಲ್ಲ. ಮೂರನೇ ದಿನಕ್ಕೆ ಹಿಂದೆ ಬೀಳುತ್ತೀರಿ, ಆಮೇಲೆ ಅಪರಾಧಿ ಭಾವನೆ ಬೇರೆ. ಅದರ ಬದಲು ಮಾರ್ಕ. 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ, ಗಟ್ಟಿಯಾಗಿ ಓದಿ. ಸುಮಾರು ಒಂದು ತಿಂಗಳಾಗುತ್ತದೆ.

ಮಾರ್ಕನೇ ಯಾಕೆ ಅಂದರೆ, ಈ ಸುವಾರ್ತೆಯ ನಡುಭಾಗ ಪೂರ್ತಿ ಕಣ್ಣು ಕಾಣುವ ವಿಷಯದ್ದೇ. 8ನೇ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡ ಬರುತ್ತಾನೆ. ಯೇಸು ಮುಟ್ಟುತ್ತಾನೆ, ಏನಾದರೂ ಕಾಣುತ್ತದೋ ಅಂತ ಕೇಳುತ್ತಾನೆ. ಆ ಮನುಷ್ಯ ಪ್ರಾಮಾಣಿಕ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಅಂತಾನೆ. ಯೇಸು ಮತ್ತೆ ಕೈ ಇಡುತ್ತಾನೆ. ಆಗ ಎಲ್ಲ ಸ್ಪಷ್ಟವಾಗುತ್ತದೆ. ಒಂದೇ ಸಲಕ್ಕೆ ಆಗದೆ ಎರಡು ಹಂತದಲ್ಲಿ ಆದ ವಾಸಿ ಸುವಾರ್ತೆಗಳಲ್ಲಿ ಇದೊಂದೇ. ಮೊದಲ ಹಂತದಲ್ಲೇ ಎಲ್ಲ ಚೆನ್ನಾಗಿ ಕಾಣುತ್ತದೆ, ಸ್ತೋತ್ರ ಅಂದಿದ್ದರೆ ಆತ ಮರಗಳನ್ನೇ ನೋಡಿಕೊಂಡು ಮನೆಗೆ ಹೋಗುತ್ತಿದ್ದ, ಅಲ್ವಾ? ನಮ್ಮಲ್ಲಿ ಬಹಳ ಜನ ಹಾಗೆಯೇ ಮಾಡುತ್ತಾರೆ.

ಅದರ ಹಿಂದೆಯೇ ಪೇತ್ರ ಯೇಸುವನ್ನು ಕ್ರಿಸ್ತ ಅಂತ ಗುರುತಿಸುತ್ತಾನೆ. ಮರುಗಳಿಗೆಯಲ್ಲೇ ಶಿಲುಬೆಯ ಮಾತು ಬಂದಾಗ ಅಡ್ಡ ಹಾಕಿ ಬೈಸಿಕೊಳ್ಳುತ್ತಾನೆ. ಅವನಿಗೂ ಅರ್ಧವೇ ಕಂಡಿತ್ತು. 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಮಗ ವಾಸಿಯಾದ. ಅಪನಂಬಿಕೆ ಪೂರ್ತಿ ಹೋಗಲಿ ಅಂತ ಯೇಸು ಕಾಯಲಿಲ್ಲ. 10ರ ಕೊನೆಗೆ ಬಾರ್ತಿಮಾಯ. ಅವನಿಗೆ ಯೇಸು ಕೇಳುವುದು: ನಾನು ನಿನಗೆ ಏನು ಮಾಡಬೇಕು ಅನ್ನುತ್ತೀ? ಅಲ್ಲಿಗೆ ಬಂದ ದಿನ ಓದುವುದನ್ನು ನಿಲ್ಲಿಸಿ. ಆ ಪ್ರಶ್ನೆಗೆ ನಿಮ್ಮ ಉತ್ತರ ಬರೆಯಿರಿ. ಒಂದೇ ವಾಕ್ಯ ಸಾಕು.

ರಾತ್ರಿ ಮಲಗುವ ಮೊದಲು ಐದು ನಿಮಿಷ ದಿನವನ್ನು ತಿರುಗಿ ನೋಡಿ. ಇದೂ ಇಗ್ನೇಷಿಯಸ್ ಕಲಿಸಿದ ಕ್ರಮ. ಕೃತಜ್ಞತೆ ಹೇಳಿ, ಬೆಳಕು ಬೇಡಿ, ಬೆಳಗಿನಿಂದ ನಡೆದದ್ದನ್ನು ನೆನೆಯಿರಿ, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಒಂದು ವಿಷಯ ನಿಶ್ಚಯಿಸಿ. ನಿದ್ದೆ ಬಂದರೆ ಮಲಗಿಬಿಡಿ, ಪರವಾಗಿಲ್ಲ.

ಆರನೇ ಹೆಜ್ಜೆ: ಬಾಕಿ ತೀರಿಸಿ

ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಮತ್ತಾಯ 5ರಲ್ಲಿ ಯೇಸು ಹೇಳುತ್ತಾನೆ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ.

ಎರಡನೇ ಹೆಜ್ಜೆಯಲ್ಲಿ ಬರೆದದ್ದರಲ್ಲಿ ಇಂಥದ್ದು ಇದ್ದರೆ ಅತಿ ಚಿಕ್ಕದನ್ನು ಮೊದಲು ಹಿಡಿಯಿರಿ. ವಾಪಸ್ ಕೊಡದ ಐನೂರು ರೂಪಾಯಿ. ಮಾತು ಬಿಟ್ಟ ಕಾಕಾ. ಕಮಿಟಿ ಸಭೆಯಲ್ಲಿ ಎಲ್ಲರ ಮುಂದೆ ಆಡಿದ ಮಾತು. ಹೋದಾಗ "ನಂದು ತಪ್ಪಾಗ್ಯದ" ಅನ್ನಿ, ಅಲ್ಲಿಗೇ ನಿಲ್ಲಿಸಿ. "ಆದರ ನೀವೂ..." ಅಂತ ಮುಂದುವರಿಸಿದರೆ ಹೋದದ್ದು ದಂಡ. ಅವರು ಕ್ಷಮಿಸದಿದ್ದರೆ ಅದು ಅವರಿಗೆ ಬಿಟ್ಟದ್ದು. ಆಸ್ತಿ ವ್ಯಾಜ್ಯ ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಆದರೆ ಕೋರ್ಟಿನ ಹೊರಗೆ ನಮಸ್ಕಾರ ಹೇಳುವುದಕ್ಕೆ ಯಾವ ವಕೀಲರ ಅಪ್ಪಣೆಯೂ ಬೇಡ.

ದೇವರ ಮುಂದೆ ಒಪ್ಪಿಕೊಂಡದ್ದನ್ನು ಆತ ಕ್ಷಮಿಸುತ್ತಾನೆ ಅಂತ 1 ಯೋಹಾನ 1ರಲ್ಲಿದೆ. ಕಥೋಲಿಕರಿಗೆ ಪಾಪನಿವೇದನೆ ಇದೆ. ಬಹಳ ದಿನದಿಂದ ಹೋಗಿಲ್ಲ ಅಂತ ಮುಜುಗರ ಆದರೆ ಫಾದರ್‌ಗೆ ಅದನ್ನೇ ಮೊದಲು ಹೇಳಿ, ಅವರು ದಾರಿ ತೋರಿಸುತ್ತಾರೆ.

ಏಳನೇ ಹೆಜ್ಜೆ: ಒಬ್ಬರಿಗೆ ಹೇಳಿ

ಇದು ನಮ್ಮ ಕಡೆ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಸಭೆ ಅಂದರೆ ಬಂಧುಬಳಗವೇ. ಮಂಗಲಪೇಟದಲ್ಲಿ ಒಬ್ಬರಿಗೆ ಹೇಳಿದ್ದು ಸಂಜೆಯೊಳಗೆ ಹುಮನಾಬಾದಿಗೆ ಮುಟ್ಟುತ್ತದೆ. ಅದಕ್ಕೇ ಜನ ಒಳಗೇ ಇಟ್ಟುಕೊಂಡು ಕೊಳೆಯುತ್ತಾರೆ.

ಮೆಥೋಡಿಸ್ಟರಿಗೆ ಇಲ್ಲಿ ಮನೆಯ ಮಾದರಿಯೇ ಇದೆ. ಮೆಥೋಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋದರು. ಸೋತು 1738ರಲ್ಲಿ ಇಂಗ್ಲೆಂಡಿಗೆ ಮರಳಿದರು. ತನಗೇ ನಂಬಿಕೆ ಇಲ್ಲ, ಇನ್ನು ಪ್ರಸಂಗ ಮಾಡುವುದು ಬಿಡಲೇ ಅಂತ ಪೀಟರ್ ಬೋಲರ್ ಅನ್ನುವ ಮೊರೇವಿಯನ್ ಪಂಗಡದ ಗೆಳೆಯನನ್ನು ಕೇಳಿದರು. ಬಿಡಬೇಡಿ, ನಂಬಿಕೆ ಬರುವವರೆಗೆ ನಂಬಿಕೆಯನ್ನೇ ಸಾರಿ, ಬಂದ ಮೇಲೆ ಬಂದಿದೆ ಅಂತ ಸಾರಿ ಅಂದ ಆತ. ಅದೇ ವರ್ಷ ಮೇ 24ರ ಸಂಜೆ ವೆಸ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಎದೆ ಬೆಚ್ಚಗಾಯಿತು ಅಂತ ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ನಮ್ಮ ಪ್ರಸಂಗಗಳಲ್ಲಿ ಆ ಬೆಚ್ಚನೆಯ ಮಾತು ಬರುತ್ತದೆ, ಅದಕ್ಕಿಂತ ಮೊದಲು ಬೋಲರ್ ಜೊತೆ ಆದ ಮಾತುಕತೆ ಬರುವುದಿಲ್ಲ. ಆಲ್ಡರ್ಸ್‌ಗೇಟ್ ಆದ ಮೇಲೂ ವೆಸ್ಲಿಗೆ ಸಂಶಯಗಳು ಬಂದವು, ಅದನ್ನಂತೂ ಯಾರೂ ಹೇಳುವುದೇ ಇಲ್ಲ.

1742ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾದ ಅವರ ಕ್ಲಾಸ್ ಮೀಟಿಂಗ್ ಮೊದಲಿಗೆ ಸಭಾಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಟು. ಹನ್ನೆರಡರಷ್ಟು ಜನರಿಗೆ ಒಬ್ಬ ನಾಯಕ. ದುಡ್ಡು ಕೇಳಲು ಮನೆಗೆ ಹೋದವನು ನಿಮ್ಮ ಆತ್ಮ ಹೇಗಿದೆ ಅಂತಲೂ ಕೇಳತೊಡಗಿದ. ನಿಮಗೆ ಹನ್ನೆರಡು ಜನ ಬೇಡ. ಒಬ್ಬರು ಸಾಕು.

ಯಾರು? ನಿಮಗಿಂತ ಸ್ವಲ್ಪ ಮುಂದೆ ನಡೆದವರು. ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಆಡದವರು, ಇದು ಮುಖ್ಯ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇದ್ದರೆ ಒಳ್ಳೆಯದು. ಪಾಸ್ಟರೇ ಆಗಬೇಕಿಲ್ಲ. ಕಷ್ಟ ಕಂಡ ಒಬ್ಬ ನಿವೃತ್ತ ಟೀಚರಮ್ಮ ಆಗಬಹುದು. ಮೊದಲ ಸಲ ಎಲ್ಲ ಸುರಿಯಬೇಡಿ. "ಅಕ್ಕೋರೇ, ಪ್ರಾರ್ಥನಾ ಮಾಡ್ಲಿಕ್ಕೆ ಆಗ್ವಲ್ದು ನನಗ, ವಾರಕ್ಕೊಮ್ಮೆ ಬಂದು ಕೂಡ್ಲೇನು?" ಅಷ್ಟೇ. ಬೀದರ್ ಗಡಿಯಿಂದ ಬಹಳ ಜನ ನವೆಂಬರ್‌ನಲ್ಲಿ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗುತ್ತಾರೆ. ಅಲ್ಲಿಯ ಹಾಡು, ಜನಸಾಗರ ಎಲ್ಲ ಚೆನ್ನ. ಆದರೆ ಈ ವಾರಕ್ಕೊಂದು ಗಂಟೆಯ ಕೂರುವಿಕೆ ಮಾಡುವ ಕೆಲಸವನ್ನು ಜಾತ್ರೆ ಮಾಡುವುದಿಲ್ಲ.

ಎಂಟನೇ ಹೆಜ್ಜೆ: ದನಿಗಳನ್ನು ಕಡಿಮೆ ಮಾಡಿ

ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪ್‌ನಲ್ಲಿ ಹತ್ತು ವಾಗ್ದಾನ ಕಾರ್ಡ್. ಯೂಟ್ಯೂಬ್‌ನಲ್ಲಿ ತೆಲುಗು, ಹಿಂದಿ, ಕನ್ನಡ ಪ್ರವಾದನೆ. ಒಬ್ಬರು ಈ ತಿಂಗಳು ನಿನಗೆ ದ್ವಾರ ತೆರೆಯುತ್ತದೆ ಅಂತಾರೆ, ಇನ್ನೊಬ್ಬರು ಶಾಪ ಇದೆ ಅಂತಾರೆ. ಇಷ್ಟೆಲ್ಲದರ ನಡುವೆ ದೇವರ ದನಿ ಕೇಳುತ್ತಿಲ್ಲ ಅಂದರೆ ಆಶ್ಚರ್ಯವೇನು? ಹೋರೇಬಿನಲ್ಲಿ ಕರ್ತನು ಗಾಳಿಯಲ್ಲಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಆಮೇಲೆ ಎಲೀಯನಿಗೆ ಕೇಳಿಸಿದ್ದು ಒಂದು ಮೆಲುದನಿ.

ಈ ತಿಂಗಳು ಒಂದೇ ಪ್ರಸಂಗ, ನಿಮ್ಮ ಸಭೆಯದ್ದು. ಯಾರಾದರೂ ನಿಮ್ಮ ಬಗ್ಗೆ ಪ್ರವಾದನೆ ಹೇಳಿದರೆ ಎಲ್ಲವನ್ನೂ ಪರಿಶೋಧಿಸಿ ಅನ್ನುವ 1 ಥೆಸಲೋನಿಕ 5ರ ಮಾತು ಹಿಡಿಯಿರಿ. ಹೇಳಿದ ಹಿಂದೆಯೇ ಕಾಣಿಕೆ ಕೇಳಿದರೋ? ಹೆದರಿಸಿದರೋ? ಮನೆಯವರಿಂದ, ಸಭೆಯಿಂದ, ಡಾಕ್ಟರಿಂದ ದೂರ ಇರು ಅಂದರೋ? ಒಂದಕ್ಕಾದರೂ ಹೌದು ಅಂದರೆ ಬಿಟ್ಟುಬಿಡಿ. ಬೆರೋಯ ಅನ್ನುವ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡಿದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆ.

ಒಂಬತ್ತನೇ ಹೆಜ್ಜೆ: ಒಂದು ಸಣ್ಣ ಕೆಲಸ

ಎಲೀಯನಿಗೆ ದೇವರು ಕೊನೆಗೆ ಕೆಲಸ ಕೊಟ್ಟ: ಹಿಂತಿರುಗಿ ಹೋಗು, ಹಜಾಯೇಲನನ್ನು, ಯೇಹುವನ್ನು, ಎಲೀಷನನ್ನು ಅಭಿಷೇಕಿಸು. ನಾನೊಬ್ಬನೇ ಉಳಿದಿದ್ದೇನೆ ಅಂತ ಎಲೀಯ ಎರಡು ಸಲ ಹೇಳಿದ್ದ. ಬಾಳ್ ಅನ್ನುವ ಅನ್ಯದೇವತೆಗೆ ಅಡ್ಡಬೀಳದ 7,000 ಜನ ಇದ್ದಾರೆ ಅನ್ನುವ ಲೆಕ್ಕ ಅವನಿಗೆ ಸಿಕ್ಕಿದ್ದು ಕೆಲಸದ ಜೊತೆಗೇ. ನೀವು ಮೈಕ್ ಇಲ್ಲದ, ಹೆಸರು ಬರದ ಕೆಲಸ ಹಿಡಿಯಿರಿ. ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿಗೆ ಊಟ ಒಯ್ಯುವುದು, ಸಂಡೇ ಸ್ಕೂಲ್ ಮಕ್ಕಳಿಗೆ ಚಾಪೆ ಹಾಸುವುದು.

ಇಷ್ಟಾದರೂ ಮಬ್ಬು ಹೋಗದಿದ್ದರೆ

ಕೆಲವರಿಗೆ ಬೇಗ ಹೋಗುವುದಿಲ್ಲ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತಿಗೆ ಗೊತ್ತಾಯಿತು: ಹತ್ತಾರು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಕತ್ತಲೆಯೇ ಇತ್ತು. ಕೋಲ್ಕತ್ತದ ಬೀದಿಯ ಕೆಲಸ ಆ ಕತ್ತಲೆಯಲ್ಲೇ ನಡೆಯಿತು. ಅವರ ಮಟ್ಟಕ್ಕೆ ನಾವು ಹೋಲಿಸಿಕೊಳ್ಳುವುದು ಬೇಡ. ಆದರೆ ಒಳಗೆ ಏನೂ ತಟ್ಟದಿದ್ದರೆ ದೇವರು ಕೈಬಿಟ್ಟಿದ್ದಾನೆ ಅಂತ ತೀರ್ಮಾನಿಸುವವರಿಗೆ ಇದು ತಿಳಿದಿರಲಿ. ಆಗ ಹೊಸ ಹೆಜ್ಜೆ ಹುಡುಕಬೇಡಿ. ಓದು, ರಾತ್ರಿಯ ಐದು ನಿಮಿಷ, ವಾರಕ್ಕೊಮ್ಮೆಯ ಭೇಟಿ, ಆ ಸಣ್ಣ ಕೆಲಸ, ಇವು ನಾಲ್ಕನ್ನೇ ಮುಂದುವರಿಸಿ. ಎರಡನೇ ಹೆಜ್ಜೆಯ ಪುಟವನ್ನು ಮತ್ತೊಮ್ಮೆ ಓದಿ. ಮೊದಲ ಸಲ ಬರೆಯಲು ಧೈರ್ಯ ಬರದ ಸಾಲು ಇದ್ದರೆ ಈಗ ಬರೆಯಿರಿ.

ಕಣ್ಣು ತಿಳಿಯಾಗತೊಡಗಿದ್ದು ಗೊತ್ತಾಗುವುದು ಹೇಗೆ? ದೊಡ್ಡ ಅನುಭವವನ್ನು ಕಾಯಬೇಡಿ. ಪ್ರಸಂಗದ ಒಂದು ಮಾತು ಮಂಗಳವಾರವೂ ನೆನಪಿರುತ್ತದೆ. ಯಾರ ಮೇಲೋ ಇದ್ದ ಸಿಟ್ಟು ಸಣ್ಣದಾಗಿರುತ್ತದೆ. ಪ್ರಾರ್ಥನೆಯಲ್ಲಿ ಬೇರೆಯವರ ಹೆಸರು ತಾನಾಗಿ ಬರುತ್ತದೆ. ಆಗ ನೋಟ್‌ಬುಕ್‌ನ ಕೊನೆಯ ಪುಟ ತೆಗೆಯಿರಿ. ಮುಂದಕ್ಕೆ ಹಾಕಿದ್ದ ನಿರ್ಧಾರಗಳು ಅಲ್ಲಿವೆ. ನೀವು ಮಾತಾಡುವ ಆ ಒಬ್ಬರ ಜೊತೆ ಕುಳಿತು ಒಂದೊಂದಾಗಿ ಓದಿ. ಕೆಲವನ್ನು ನೋಡಿ ನಗು ಬರುತ್ತದೆ, ಗೆರೆ ಎಳೆಯಿರಿ. ಉಳಿದವುಗಳಲ್ಲಿ ಸಣ್ಣದನ್ನು ಈ ವಾರ ತೆಗೆದುಕೊಳ್ಳಿ, ದೊಡ್ಡದಕ್ಕೆ ಇನ್ನೊಂದು ತಾರೀಖು ಹಾಕಿ.